ಸಾಲದ ಹಡಗಿಗೆ ನಾಯಕರು ಎಷ್ಟು ಮಂದಿ?

"ಸರ್, ನಾಲ್ಕು ಮಂದಿ ಅದಾರ, ಹಡಗೂ ಐತಿ. ಅದನ್ನ ಬಂದರದಿಂದ ಹೊರಗ ಒಯ್ಯೋರು ಮಾತ್ರ ಒಬ್ರೂ ಇಲ್ಲ."

"ಯಾವ ಹಡಗೋ ತಮ್ಮಾ? ನಮ್ಮ ಹಿರೇಕೆರೂರಿಗೆ ಕೆರಿ ಐತಿ. ಸಮುದ್ರ ಎಲ್ಲಿಂದ ತಂದಿ?"

"ಆಕಾಶದ ಹಡಗು ಸರ್. ಒಂದು ನಕ್ಷತ್ರದಿಂದ ಇನ್ನೊಂದು ನಕ್ಷತ್ರಕ್ಕ ಸರಕು ಸಾಗಿಸೋದು."

ಪ್ರಶ್ನೆ ಹಾಕಿದವರು ನಿವೃತ್ತ ಹೈಸ್ಕೂಲ್ ಮಾಸ್ತರು. ಹೊಟ್ಟೆಪಾಡಿಗೆ ಗಣಿತ ಕಲಿಸಿದವರು, ಹುಚ್ಚಿಗೆ ಸುತ್ತಲಿನ ಹಳ್ಳಿಗಳಲ್ಲಿ ನಾಟಕ, ದೊಡ್ಡಾಟ ಕಲಿಸಿದವರು. ಉತ್ತರ ಕೊಟ್ಟವನು ಅವರ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಊರಿನ ಮನೆಯಲ್ಲೇ ಕುಳಿತು ಮಾಡುವ ಎಂಜಿನಿಯರು. ಭಾನುವಾರ ಮಧ್ಯಾಹ್ನ ಅವನ ಪಡಸಾಲೆಯಲ್ಲಿ ನಾಲ್ವರು ಸೇರುತ್ತಾರೆ: ಮಾಸೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಗೆಳೆಯ, ರಟ್ಟೀಹಳ್ಳಿಯ ಕಾಲೇಜು ಉಪನ್ಯಾಸಕಿ, ರಾಣೆಬೆನ್ನೂರಿನಲ್ಲಿ ಕೆಲಸ ಮಾಡುವ ನರ್ಸ್, ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಹುಡುಗ. ಮೇಜಿನ ಮೇಲೆ ಕಾಗದ, ಪೆನ್ಸಿಲು, ಆರು ಮುಖದ ಎರಡು ದಾಳ. ಕಂಪ್ಯೂಟರಿಲ್ಲ, ಪರದೆಯಿಲ್ಲ. ಒಬ್ಬ ಗೇಮ್ ಮಾಸ್ಟರ್ ಲೋಕವನ್ನು ಬಣ್ಣಿಸುತ್ತಾನೆ, ಉಳಿದವರು ತಲಾ ಒಂದು ಪಾತ್ರವಾಗಿ 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಇಂಥ ಆಟ ಮೊದಲು ಅಚ್ಚಾಗಿ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅದು; ಕತ್ತಿ, ಮಂತ್ರ, ನೆಲಮಾಳಿಗೆಗಳ ಆಟ. ಮೂರು ವರ್ಷದ ನಂತರ, 1977ರಲ್ಲಿ, ಮಾರ್ಕ್ ಮಿಲ್ಲರ್ ಬರೆದ 'ಟ್ರ್ಯಾವೆಲರ್' ಮೂರು ಸಣ್ಣ ಕಪ್ಪು ಪುಸ್ತಕಗಳಾಗಿ ಹೊರಬಂದು, ಅದೇ ರೀತಿಯ ಆಟವನ್ನು ಅಂತರಿಕ್ಷಕ್ಕೆ ಒಯ್ದಿತು. ಎಂಜಿನಿಯರು ಆಡಿಸುವುದು ಅದನ್ನೇ.

"ಸರಿ, ಕಥಿ ಗೊತ್ತಾತು. ತೊಂದರಿ ಏನು?"

"ಬಂದರದಾಗ ಒಬ್ಬ ವ್ಯಾಪಾರಿ ಬಂದು ಕೆಲಸ ಕೊಡ್ತಾನ ಅಂದೆ. ನಾಲ್ಕೂ ಮಂದಿ ನನ್ನ ಮಾರಿ ನೋಡ್ಕೊಂತ ಕುಂತ್ರು. ಯಾರರ ಒಬ್ರು ಮುಂದ ಆಗ್ರಿ ಅಂದ್ರ, ಅಂಗಡಿಯವ ಎಲ್ಲಾರ ಪಾಲಿನ ಮಾತೂ ತಾನೇ ಆಡಾಕ ಹತ್ತಿದ. ಧಾರವಾಡದ ಹುಡುಗ ಮೊಬೈಲ್ ತಗದ. ಅಂಗಡಿಯವನ್ನ ಕ್ಯಾಪ್ಟನ್ ಮಾಡಿಬಿಡಲೇನು ಅಂತ ಕೇಳಾಕ ಬಂದೇನಿ."

ಮಾಸ್ತರು ಉತ್ತರಿಸುವ ಮೊದಲು, ಆಟ ಬರೆದವರು ಏನು ಮಾಡಿದ್ದಾರೆ ಹೇಳು ಎಂದರು. ಅವನು ಹೇಳಿದ್ದರಲ್ಲಿ ಎರಡು ದಾರಿಗಳಿದ್ದವು. ಒಂದು, ಕ್ಯಾಪ್ಟನ್ ಯಾರೆಂಬುದನ್ನು ಆಟವೇ ತೀರ್ಮಾನಿಸುವುದು. 2009ರ 'ರೋಗ್ ಟ್ರೇಡರ್' ಆಟದಲ್ಲಿ ಒಬ್ಬ ಆಟಗಾರ ಸನದು ಪಡೆದ ಹಡಗಿನ ಒಡೆಯ, ಮಿಕ್ಕವರು ಅವನ ಅಧಿಕಾರಿಗಳು. 2017ರ 'ಸ್ಟಾರ್ ಟ್ರೆಕ್ ಅಡ್ವೆಂಚರ್ಸ್'ನಲ್ಲಿ ನೌಕಾಪಡೆಯಂತೆ ದರ್ಜೆಗಳಿವೆ. ಎರಡನೆಯದು 'ಟ್ರ್ಯಾವೆಲರ್' ದಾರಿ: ಹಡಗಿಗೆ ಪೈಲಟ್ ಬೇಕು, ಎಂಜಿನಿಯರ್ ಬೇಕು, ವೈದ್ಯ ಬೇಕು, ಪ್ರಯಾಣಿಕರನ್ನು ನೋಡಿಕೊಳ್ಳುವ ಸ್ಟೂವರ್ಡ್ ಬೇಕು. ಯಜಮಾನ ಯಾರೆಂಬುದನ್ನು ಹಡಗಿನವರೇ ಗೊತ್ತುಮಾಡಿಕೊಳ್ಳಬೇಕು.

"ಮೊದಲನೇದರಾಗ ಸುಖ ಏನು, ಕಷ್ಟ ಏನು?"

"ಸುಖ ಅಂದ್ರ ತೀರ್ಮಾನ ಬ್ಯಾಗ ಆಗತಾವ. ಕಷ್ಟ ಅಂದ್ರ ಆಡೋರು ಗೆಳ್ಯಾರು ಸರ್. ವಾರ ಪೂರ್ತಿ ಆಫೀಸಿನಾಗ ಮ್ಯಾನೇಜರ್ ಮಾತು ಕೇಳಿ, ಭಾನುವಾರ ಇಲ್ಲಿ ಬಂದು ಗೊಬ್ಬರದಂಗಡಿ ಗೆಳ್ಯಾನ ಆರ್ಡರ್ ಯಾಕ ಕೇಳಬೇಕು?"

"ಅಂದ್ರ ನಿನ್ನ ಹಡಗಿನಾಗ ಎರಡು ನಾಯಕತ್ವ ಕಲಸ್ಕೊಂಡಾವ," ಎಂದರು ಮಾಸ್ತರು. "ದೊಡ್ಡಾಟದಾಗ ರಾಜನ ಪಾತ್ರ ಹಾಕಿದಾವಂಗ ಕಿರೀಟ ಇರತೈತಿ, ಭುಜಕೀರ್ತಿ ಇರತೈತಿ. ಅಟ್ಟದ ಮ್ಯಾಲ ಅವನು ಗುಡುಗಿದ್ರ ಮಂದಿ ನಡಗಬೇಕು. ಆದ್ರ ಆಟ ನಡಸೋನು ಅವನಲ್ಲ. ಹಿಂದ ತಾಳ ಹಿಡದು ನಿಂತ ಭಾಗವತ ಪದ ಎತ್ತಿದ ಮ್ಯಾಲೇ ರಾಜ ಕುಣೀಬೇಕು. ನಾ ಎಷ್ಟೋ ಸಲ ಊರಾಗಿನ ಭಾಳ ಮಿದು ಮನಶ್ಯಾಗ ರಾವಣನ ಪಾತ್ರ ಕೊಟ್ಟೇನಿ, ಗೌಡ್ರ ಮಗಗ ದೂತನ ಪಾತ್ರ ಕೊಟ್ಟೇನಿ. ಕಥಿಯೊಳಗಿನ ದೊಡ್ಡಸ್ತನ ಬ್ಯಾರೆ, ಆಟದ ಮುಂದಾಳತನ ಬ್ಯಾರೆ. ನಿನ್ನ ಅಂಗಡಿಯವ ಕ್ಯಾಪ್ಟನ್ ಆಗಲಿ ಬಿಡು. ಮಾತಿನ ಸರದಿ ಮಾತ್ರ ಅವನ ಕೈಯಾಗ ಕೊಡಬ್ಯಾಡ."

ಮೇಜಿನಾಟದ ಇತಿಹಾಸದಲ್ಲೂ ಈ ಭೇದಕ್ಕೆ ಒಂದು ಹುದ್ದೆಯೇ ಇತ್ತು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆರಂಭದ ಪುಸ್ತಕ, ತಂಡದಲ್ಲಿ ಒಬ್ಬ 'ಕಾಲರ್' ಇರಲಿ ಎಂದಿತು. ಎಲ್ಲರ ಯೋಜನೆಯನ್ನು ಒಟ್ಟುಗೂಡಿಸಿ ಆಟ ನಡೆಸುವವನಿಗೆ ತಿಳಿಸುವುದು ಅವನ ಕೆಲಸ. ಪ್ರತಿಯೊಬ್ಬರ ಮನಸ್ಸಿನಲ್ಲಿರುವುದನ್ನೇ ತಾನು ಹೇಳುತ್ತಿದ್ದೇನೆಂದು ಅವನು ಖಚಿತಪಡಿಸಿಕೊಳ್ಳಬೇಕು. ನಕ್ಷೆ ಬರೆಯಲು 'ಮ್ಯಾಪರ್' ಎಂಬ ಇನ್ನೊಬ್ಬನಿದ್ದ. ಇವೆರಡೂ ಆಟಗಾರರ ಕೆಲಸಗಳು, ಪಾತ್ರಗಳವಲ್ಲ. ಹಾಗಾಗಿ ಕಥೆಯಲ್ಲಿ ಕೂಲಿಯಾದವನೂ ಮೇಜಿನಲ್ಲಿ ಕಾಲರ್ ಆಗಬಹುದಿತ್ತು. ಮುಂದೆ ಈ ಪದ್ಧತಿ ಬಳಕೆಯಿಂದ ಹೆಚ್ಚುಕಡಿಮೆ ಮರೆಯಾಯಿತು.

"ಹಂಗಾರ ಆ ಹುದ್ದೆ ಉಪನ್ಯಾಸಕಿಗೆ ಕೊಡು," ಎಂದರು ಮಾಸ್ತರು. "ಹಿಂದಿನ ಬೆಂಚಿನವರನ್ನ ಮಾತಾಡ್ಸಿ ರೂಢಿ ಇರತೈತಿ ಅವರಿಗೆ. ಹಡಗಿನಾಗ ಅವರ ಪಾತ್ರ ಯಾವುದು?"

"ಎಂಜಿನಿಯರ್. ನರ್ಸಮ್ಮ ಪೈಲಟ್ ಆಗ್ಯಾಳ. ಆಸ್ಪತ್ರಿ ಕೆಲಸ ಇಲ್ಲೂ ಬ್ಯಾಡ ಅಂದ್ಲು. ಧಾರವಾಡದ ಹುಡುಗ ವೈದ್ಯ, ಅಂಗಡಿಯವ ಸ್ಟೂವರ್ಡ್."

"ಇನ್ನ ಕೇಳು. ಆ ನಾಲ್ಕರಾಗ ಯಾವ ಪ್ರಶ್ನೆ ಯಾರದು ಅಂತ ಬರದಿ ಏನು?"

ಬರೆದಿರಲಿಲ್ಲ. ಮಾಸ್ತರು ಅಲ್ಲೇ ಒಂದು ಹಾಳೆ ತೆಗೆಸಿದರು. ಹಡಗು ಯಾವ ದಾರಿ ಹಿಡಿಯಬೇಕು, ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಬೇಕೋ ಶರಣಾಗಬೇಕೋ ಎನ್ನುವುದು ಪೈಲಟ್ಟಿನ ಪ್ರಶ್ನೆ. ನಕ್ಷತ್ರದಿಂದ ನಕ್ಷತ್ರಕ್ಕೆ ಇನ್ನೊಂದು ಜಿಗಿತವನ್ನು ಎಂಜಿನು ತಡೆಯುತ್ತದೆಯೇ, ಅಗ್ಗದ ಇಂಧನ ಹಾಕಬಹುದೇ ಎನ್ನುವುದು ಎಂಜಿನಿಯರದು. ಯಾರನ್ನು ಹತ್ತಿಸಿಕೊಳ್ಳಬೇಕು, ಸರಕಿಗೆ ಏನು ದರ ಕೇಳಬೇಕು ಎನ್ನುವುದು ಸ್ಟೂವರ್ಡ್‌ದು. ರೋಗಿಯೊಬ್ಬನನ್ನು ಇಳಿಸಬೇಕೋ ಬೇಡವೋ ಎಂದಾಗ ವೈದ್ಯನದೇ ಕೊನೆಯ ಮಾತು. ಪ್ರಶ್ನೆ ಬಂದಾಗ ಯಾರದೋ ಅವರೇ ನಾಯಕರು. ಉಳಿದವರು ಸಲಹೆ ಕೊಡಬಹುದು, ತೀರ್ಪು ಕೊಡುವಂತಿಲ್ಲ. ಕ್ಯಾಪ್ಟನ್‌ಗೆ ಉಳಿಯುವುದು ಯಾರ ಪಾಲಿಗೂ ಬಾರದ ಪ್ರಶ್ನೆ ಮತ್ತು ಇಬ್ಬರ ಪಾಲಿಗೂ ಬಂದ ಪ್ರಶ್ನೆ.

"ಇದರಾಗ ಗೇಮ್ ಮಾಸ್ಟರಿಗೂ ಕೆಲಸ ಐತಿ ಸರ್," ಎಂದ ಎಂಜಿನಿಯರು, ಬರೆಯುತ್ತಲೇ. "ಪ್ರತಿ ಭಾನುವಾರ ಈ ನಾಲ್ಕೂ ಪ್ರಶ್ನೆಗೊಳಾಗ ಒಂದೊಂದರ ಬರೋಹಂಗ ನಾನು ನೋಡ್ಕೋಬೇಕು. ವೈದ್ಯಗ ಒಬ್ಬ ರೋಗೀನೂ ಸಿಗದಿದ್ರ ಅವ ಮೊಬೈಲ್ ತಗೀದೇ ಏನ್ ಮಾಡ್ಯಾನು?"

"ಬರೋಬ್ಬರಿ. ಪಾತ್ರಧಾರಿ ಹೊತ್ತು ಮುಳಗಿದಾಗಿಂದ ಬಣ್ಣ ಹಚ್ಕೊಂಡು ಕುಂತು, ಬೆಳ್ಳಂಬೆಳಗ ಬಂದು ಹೋಗೋಹಂಗಿದ್ರ, ಮುಂದಿನ ವರ್ಷ ಬಣ್ಣ ಹಚ್ಚಾಕ ಬರಂಗಿಲ್ಲ."

ಇಲ್ಲಿ ಎಂಜಿನಿಯರಿಗೊಂದು ಅನುಮಾನ. ಮೇಲಿನಿಂದ ಆಜ್ಞೆಯೇ ಬರದಿದ್ದರೆ ಕಥೆ ದಿಕ್ಕುತಪ್ಪುವುದಿಲ್ಲವೇ? ನಿಜವಾದ ಅಂತರಿಕ್ಷಯಾನದಲ್ಲಿ ನೆಲದ ಮೇಲಿನ ಕೇಂದ್ರವೇ ಎಲ್ಲವನ್ನೂ ಹೇಳುತ್ತದಲ್ಲ?

"ಎಲ್ಲಾನೂ ಹೇಳಾಕ ಆಗಂಗಿಲ್ಲ," ಎಂದರು ಮಾಸ್ತರು. ಗಣಿತದವರಲ್ಲವೇ, ಲೆಕ್ಕಕ್ಕಿಳಿದರು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಅದು ಭೂಮಿಯಿಂದ ಸುಮಾರು 22 ಕೋಟಿ ಕಿ.ಮೀ. ದೂರವಿತ್ತು. ರೇಡಿಯೋ ಸಂಕೇತ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡಿದರೂ ಒಂದು ಕಡೆಯ ಪಯಣಕ್ಕೇ 12 ನಿಮಿಷ ದಾಟುತ್ತದೆ. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರಕ್ಕೆ 'ತಪ್ಪಾಯಿತು' ಎಂಬ ಸುದ್ದಿ ಮುಟ್ಟಿ, 'ಹೀಗೆ ಮಾಡು' ಎಂಬ ಉತ್ತರ ಹಿಂತಿರುಗುವಷ್ಟರಲ್ಲಿ ಎಂಜಿನು ಉರಿಯಬೇಕಾಗಿದ್ದ ಸುಮಾರು 24 ನಿಮಿಷ ಮುಗಿದೇ ಹೋಗುತ್ತಿತ್ತು. ಅದಕ್ಕೇ ಆಜ್ಞೆಗಳನ್ನು ದಿನಗಳ ಮೊದಲೇ ನೌಕೆಗೆ ತುಂಬಿಸಿ, ಆ ಹೊತ್ತಿನ ಹೊಣೆಯನ್ನು ಅದಕ್ಕೇ ಬಿಟ್ಟಿದ್ದರು. ಆ ಹೊತ್ತಿನಲ್ಲಿ ನೆಲದ ದೊಡ್ಡ ಆಂಟೆನಾ ಇದ್ದದ್ದು ಕೇಳಿಸಿಕೊಳ್ಳುವುದಕ್ಕೆ. ಕೈಹಿಡಿದು ನಡೆಸುವುದು ಅದರಿಂದಾಗುವ ಕೆಲಸವಾಗಿರಲಿಲ್ಲ.

'ಟ್ರ್ಯಾವೆಲರ್' ಲೋಕ ಈ ದೂರವನ್ನು ಇನ್ನೂ ಹಿಗ್ಗಿಸಿದೆ. ಅಲ್ಲಿ ಬೆಳಕಿಗಿಂತ ವೇಗದ ರೇಡಿಯೋ ಇಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಜಿಗಿಯಲು ಸುಮಾರು ಒಂದು ವಾರ ಬೇಕು, ಸುದ್ದಿ ಆ ಹಡಗಿನಲ್ಲೇ ಹೋಗಬೇಕು. ಚಕ್ರವರ್ತಿ ಸತ್ತರೂ ಗಡಿನಾಡಿಗೆ ತಿಳಿಯುವುದು ತಿಂಗಳುಗಳ ಮೇಲೆ. ಆದ್ದರಿಂದ 'ಮೇಲಿನವರನ್ನು ಕೇಳಿ ಹೇಳ್ತೇವೆ' ಎಂದು ಜಾರಿಕೊಳ್ಳಲು ಯಾವ ಆಟಗಾರನಿಗೂ ಬರುವುದಿಲ್ಲ. ಹಿಂದೆ ಬಂದರು ಬಿಟ್ಟ ಹಾಯಿಹಡಗಿನ ತಂಡಕ್ಕಿದ್ದ ಸ್ವಾತಂತ್ರ್ಯ ಇವರಿಗೂ ಇದೆ, ಅದರ ಭಯವೂ ಇದೆ.

"ನೆಲದವರು ಗಳಿಗಿ ಗಳಿಗಿಗೂ ಹೇಳಿದ್ರ ಏನಾಗತೈತಿ ಅನ್ನೋದಕ್ಕೂ ಒಂದು ಕಥಿ ಐತಿ ಸರ್," ಎಂದು ಎಂಜಿನಿಯರು ಸ್ಕೈಲ್ಯಾಬ್ ಎತ್ತಿದ.

1973ರ ನವೆಂಬರ್ 16ರಂದು ಗೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೊರಟರು. ಮೂವರಿಗೂ ಅದು ಮೊದಲ ಅಂತರಿಕ್ಷಯಾನ. ನೆಲದ ಕೇಂದ್ರ ಅವರ ದಿನಚರಿಯನ್ನು ನಿಮಿಷದ ಲೆಕ್ಕದಲ್ಲಿ ತುಂಬಿತ್ತು. ಹೊಂದಿಕೊಳ್ಳಲು ಸಮಯ ಕೊಟ್ಟಿರಲಿಲ್ಲ. ಕೆಲಸ ಹಿಂದೆ ಬಿದ್ದಿತು, ತಪ್ಪುಗಳಾದವು, ಮಾತು ಬಿಗಿಯಾಯಿತು. ಡಿಸೆಂಬರ್ 30ರಂದು ಕಾರ್ ಮತ್ತು ನೆಲದವರು ರೇಡಿಯೋದಲ್ಲಿ ಮನಬಿಚ್ಚಿ ಮಾತಾಡಿಕೊಂಡರು. ಆಮೇಲೆ ಒಂದು ಬದಲಾವಣೆಯಾಯಿತು. ಗಡಿಯಾರ ನೋಡಿಯೇ ಮಾಡಬೇಕಾದ ಪ್ರಯೋಗಗಳನ್ನು ಮಾತ್ರ ವೇಳಾಪಟ್ಟಿಯಲ್ಲಿ ಉಳಿಸಿ, ಮಿಕ್ಕ ಸಣ್ಣ ಕೆಲಸಗಳನ್ನು ಒಂದು ಪಟ್ಟಿ ಮಾಡಿ, ಬಿಡುವಾದಾಗ ನಿಮಗೆ ಬೇಕಾದ್ದನ್ನು ಎತ್ತಿಕೊಳ್ಳಿ ಎಂದರು. ಕೆಲಸ ಹಗುರಾಯಿತು, ಮುಗಿಯತೊಡಗಿತು ಕೂಡ. 1974ರ ಫೆಬ್ರವರಿ 8ರಂದು, 84 ದಿನಗಳ ನಂತರ, ಅವರು ಇಳಿದರು. ಆ ತಂಡ ರೇಡಿಯೋ ಆರಿಸಿ ಮುಷ್ಕರ ಹೂಡಿತ್ತೆಂಬ ಕಥೆ ಬಹುಕಾಲ ಓಡಾಡಿತು. ಯಾತ್ರಿಗಳೇ ಅದನ್ನು ಅಲ್ಲಗಳೆದಿದ್ದಾರೆ.

"ಅಂದ್ರ ನೀನೂ ನೆಲದ ಕೇಂದ್ರ ಆಗಬ್ಯಾಡ. ಆ ವ್ಯಾಪಾರಿ ತಂದ ಕೆಲಸ ಎಷ್ಟಿದ್ವು?"

"ಒಂದೇ ಸರ್."

"ಒಂದಿದ್ರ ಅದು ಹುಕುಂ. ಮೂರು ಇಡು. ಒಂದರಾಗ ರೊಕ್ಕ ಭಾಳ, ಆದ್ರ ವಾಸನಿ ಹೊಡೀಬೇಕು. ಒಂದರಾಗ ರೊಕ್ಕ ಕಮ್ಮಿ, ಪೈಲಟ್ಟಿನ ಊರಿಗೆ ಹೋಗೋ ದಾರಿ. ಇನ್ನೊಂದು ವೈದ್ಯಗ ಬಿಟ್ಟು ಯಾರಿಗೂ ಬ್ಯಾಡಾದದ್ದು. ಅವರು ಜಗಳಾಡಲಿ."

ಚಹಾ ಬಂತು, ಮಂಡಕ್ಕಿ ಗಿರ್ಮಿಟ್ ಬಂತು. ಮಾತು ಹುರುಪಿನ ಕಡೆಗೆ ತಿರುಗಿತು. ಆಡುವವರಿಗೆ ಹಡಗು ಹತ್ತಲು ಕಾರಣವೇನು?

'ಟ್ರ್ಯಾವೆಲರ್' ಕೊಡುವ ಉತ್ತರ ವಿಚಿತ್ರವಾಗಿದೆ: ಬ್ಯಾಂಕಿನ ಸಾಲ. ಆಟದ ಹೆಸರಾಂತ 'ಫ್ರೀ ಟ್ರೇಡರ್' ಹಡಗು 200 ಟನ್ನಿನದು, ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ಐದನೆಯ ಒಂದು ಭಾಗ ಮೊದಲು ಕಟ್ಟಬೇಕು. ಆಮೇಲೆ ಬೆಲೆಯ 240ನೆಯ ಒಂದು ಭಾಗದಂತೆ ತಿಂಗಳಿಗೆ 1,54,500 ಕ್ರೆಡಿಟ್, 480 ಕಂತು.

"ನಾನೂರಾ ಎಂಬತ್ತು ಕಂತು! ನಲವತ್ತು ವರ್ಷ!" ಮಾಸ್ತರು ಗಿರ್ಮಿಟ್ ಪ್ಲೇಟು ಕೆಳಗಿಟ್ಟರು. "ನಮ್ಮ ಟ್ರ್ಯಾಕ್ಟರ್ ಸಾಲಾನೇ ವಾಸಿ. ಆದಾಯ ಎಷ್ಟು?"

ಅವರಿಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದರು. ಹಡಗಿನಲ್ಲಿ 82 ಟನ್ ಸರಕು ಹಿಡಿಯುತ್ತದೆ, ಟನ್ನಿಗೆ ಸಾವಿರ ಕ್ರೆಡಿಟ್ ಬಾಡಿಗೆ. ಹತ್ತು ಕೋಣೆಗಳಲ್ಲಿ ನಾಲ್ಕು ನಾವಿಕರಿಗೆ ಹೋದರೆ ಆರು ಉಳಿಯುತ್ತವೆ, ಮೇಲ್ದರ್ಜೆಯ ಪ್ರಯಾಣಿಕನಿಗೆ 10,000. ಹೆಪ್ಪುನಿದ್ದೆಯಲ್ಲಿ ಸಾಗುವ ಬಡ ಪ್ರಯಾಣಿಕರಿಗೆ 20 ಪೆಟ್ಟಿಗೆಗಳು, ತಲಾ ಸಾವಿರ. ಎಲ್ಲ ತುಂಬಿದರೆ ಒಂದು ಖೇಪಿಗೆ 1,62,000. ಜಿಗಿತಕ್ಕೊಂದು ವಾರ, ಬಂದರಿನಲ್ಲೊಂದು ವಾರ, ತಿಂಗಳಿಗೆ ಎರಡು ಖೇಪು. ಆದರೆ ಹಡಗು ಪ್ರತಿ ಸಲ ತುಂಬುವುದುಂಟೇ? ಅರ್ಧ ತುಂಬಿದರೆ ತಿಂಗಳ ಆದಾಯವೂ 1,62,000ಕ್ಕೆ ಇಳಿಯುತ್ತದೆ. ಕಂತು ಕಟ್ಟಿದ ಮೇಲೆ ಕೈಯಲ್ಲಿ 7,500. ಪೈಲಟ್ಟಿಗೆ 6,000, ಎಂಜಿನಿಯರಿಗೆ 4,000, ಸ್ಟೂವರ್ಡಿಗೆ 3,000, ವೈದ್ಯನಿಗೆ 2,000, ಹೀಗೆ ಪಗಾರವೇ 15,000. ಇಂಧನ, ಊಟ, ರಿಪೇರಿ ಬೇರೆ.

"ಅಂದ್ರ ಬ್ಯಾಂಕಿಗೆ ಮುಟ್ಟತೈತಿ, ದುಡಿಯೋರಿಗೆ ಅರ್ಧ ಪಗಾರ. ತಮ್ಮಾ, ಇದು ಆಟ ಅನ್ನೋಹಂಗಿಲ್ಲ, ನಮ್ಮ ಗೋವಿನಜೋಳದ ಲೆಕ್ಕ ಇದ್ದಂಗೈತಿ. ಸಾಲ ಮಾಡಿದಾವಂಗ ಹುರುಪು ಬರತೈತಿ ಅಂತ ಆ ಮಿಲ್ಲರ್ ಸಾಹೇಬಗ ಯಾರು ಹೇಳಿದ್ರು? ನಮ್ಮ ಕಡೆ ಕೇಳಿದ್ರ ಬ್ಯಾರೆ ಹೇಳ್ತಾರ."

ಎಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿದ. "ಸಾಲ ಹುರುಪು ಕೊಡಂಗಿಲ್ಲ ಸರ್, ಒಪ್ಪಿದೆ. ಆದ್ರ ನಾಲ್ಕೂ ಮಂದಿಗೆ ಕೂಡಿ ಒಂದು ಪ್ರಶ್ನೆ ಕೊಡತೈತಿ: ಈ ತಿಂಗಳು ಏನ್ ಮಾಡೂನು? ಲೋಕಾನ ಉಳಿಸ್ರಿ ಅಂದ್ರ ನಾಲ್ಕು ಮಂದಿ ನಾಲ್ಕು ದಿಕ್ಕು ನೋಡ್ತಾರ. ಕಂತು ಬಂತು ಅಂದ್ರ ಒಂದೇ ವಹಿ ನೋಡ್ತಾರ."

"ವಹಿ ನೋಡೋದು ಗುಮಾಸ್ತನ ಕೆಲಸ. ಹಡಗು ಹತ್ತೋದಕ್ಕ ಅಷ್ಟು ಸಾಲದು. ದೊಡ್ಡಾಟದಾಗ ಸಾರಥಿ ಏನ್ ಮಾಡ್ತಾನ ಹೇಳು?"

ಈ ಸೀಮೆಯ ದೊಡ್ಡಾಟ ನೋಡಿದವರಿಗೆ ಗೊತ್ತಿರುವಂತೆ, ಪಾತ್ರವೊಂದು ಅಟ್ಟಕ್ಕೆ ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಸಾರಥಿ ಅಡ್ಡ ನಿಂತು ನೀವು ಯಾರು, ಯಾವ ನಾಡಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಮೂರು ಲೋಕ ಗೆದ್ದ ರಾಜನಾದರೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಸಾರಥಿ ನಗಿಸುತ್ತಾನೆ, ಕೆಣಕುತ್ತಾನೆ. ಆ ಕೆಣಕಿನಲ್ಲೇ ಪಾತ್ರದ ಬಯಕೆ, ಸಿಟ್ಟು, ಸೊಕ್ಕು ಎಲ್ಲ ಹೊರಗೆ ಬರುತ್ತವೆ.

"ನಿನ್ನ ಬಂದರದಾಗ ಒಬ್ಬ ಸಾರಥಿ ನಿಂದರ್ಸು," ಎಂದರು ಮಾಸ್ತರು. "ಕಸ್ಟಮ್ಸ್ ಗುಮಾಸ್ತ ಅನ್ನು, ಏನರ ಅನ್ನು. ಹಡಗು ಹತ್ತೋ ಮೊದಲ ಪ್ರತಿಯೊಬ್ಬರನ್ನೂ ಅವ ಕೇಳಲಿ. ಎಲ್ಲಾರ ಮುಂದ ಕೇಳಲಿ, ಗುಟ್ಟಾಗಿ ಚೀಟ್ಯಾಗ ಬರಸಬ್ಯಾಡ. ಪೈಲಟ್ ಊರು ಬಿಟ್ಟಿದ್ದು ಯಾಕಂತ ಎಂಜಿನಿಯರಿಗೆ ಗೊತ್ತಿರಬೇಕು. ಇಲ್ಲಾಂದ್ರ ಆಕಿ ಊರಿನ ದಾರಿ ಬಂದಾಗ ಇವರು ಯಾಕ ಒಪ್ಪತಾರ?"

"ಅದಕ್ಕ ಇನ್ನೊಂದು ಸೇರಸ್ತೇನಿ ಸರ್. ಪ್ರತಿಯೊಬ್ಬರ ಕಾರಣದಾಗ ಇನ್ನೊಬ್ಬರು ಬೇಕಾಗಿರಬೇಕು. ವೈದ್ಯ ಹುಡುಕೋ ಔಷಧಿ ಇರೋ ಗ್ರಹಕ್ಕ ಇಳಿಯೋದು ಈ ಪೈಲಟ್ಟಿಗೆ ಬಿಟ್ಟು ಯಾರಿಗೂ ಬರಂಗಿಲ್ಲ. ಸ್ಟೂವರ್ಡ್ ತೀರಿಸಬೇಕಾದ ಹಳೆ ಬಾಕಿ ಎಂಜಿನಿಯರಿನ ಅಣ್ಣಂದು. ತನ್ನ ಕೆಲಸ ಆಗಬೇಕಂದ್ರ ಬ್ಯಾರೆಯವರ ಕೆಲಸಕ್ಕೂ ಹೆಗಲು ಕೊಡಬೇಕು."

"ಹೂಂ. ಇದು ಆಟ."

ಇನ್ನು ನಾಯಕನಾದವನಿಗೆ ಏನು ಸಿಗಬೇಕು? ಅಂಗಡಿಯ ಗೆಳೆಯ ಕ್ಯಾಪ್ಟನ್ ಪದವಿಗೆ ಆಸೆಪಡುತ್ತಿದ್ದಾನೆ, ಅದರಲ್ಲಿ ಖರ್ಚಿಲ್ಲ ಎಂಬ ಕಾರಣಕ್ಕೆ. ಎಂಜಿನಿಯರು ಇಲ್ಲಿ ಇನ್ನೊಂದು ಆಟದ ನಿಯಮವನ್ನು ಎರವಲು ತರಲು ಹೊರಟಿದ್ದ. ಜಾನ್ ಹಾರ್ಪರ್ 2017ರಲ್ಲಿ ಪ್ರಕಟಿಸಿದ 'ಬ್ಲೇಡ್ಸ್ ಇನ್ ದಿ ಡಾರ್ಕ್' ಕಳ್ಳರ ಗುಂಪಿನ ಆಟ. ಮರುವರ್ಷ ಅದರ ಬುನಾದಿಯ ಮೇಲೆ 'ಸ್ಕಮ್ ಅಂಡ್ ವಿಲನಿ' ಎಂಬ ಅಂತರಿಕ್ಷದ ಆಟ ಬಂತು. ಗುಂಪಾಗಿ ಒಂದು ಕೆಲಸಕ್ಕೆ ಕೈಹಾಕಿದಾಗ ಎಲ್ಲರೂ ದಾಳ ಉರುಳಿಸುತ್ತಾರೆ, ಅತ್ಯುತ್ತಮವಾಗಿ ಬಿದ್ದದ್ದೇ ಇಡೀ ಗುಂಪಿನ ಫಲ. ಆದರೆ ಯಾರ್ಯಾರ ದಾಳ ಮೂರು ಅಥವಾ ಅದಕ್ಕಿಂತ ಕಡಿಮೆ ಬಿತ್ತೋ, ಅವರೊಬ್ಬೊಬ್ಬರಿಗೂ ಒಂದರಂತೆ ದಣಿವಿನ ಅಂಕ ನಾಯಕನ ಲೆಕ್ಕಕ್ಕೆ ಸೇರುತ್ತದೆ. ದಣಿವು ತುಂಬಿದರೆ ನಾಯಕ ಆಟದಿಂದ ಆ ಹೊತ್ತಿಗೆ ಹೊರಗೆ.

"ಛಲೋ ಐತಿ," ಎಂದರು ಮಾಸ್ತರು. "ಸತೀಶ್ ಧವನ್ ಮಾಡಿದ್ದು ಅದೇ ಅಲ್ಲೇನು? 1979ರ ಆಗಸ್ಟ್ 10ಕ್ಕ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕ ಬಿತ್ತು. ಯೋಜನಾ ನಿರ್ದೇಶಕರು ಕಲಾಂ. ಪತ್ರಕರ್ತರ ಮುಂದ ಕುಂತವರು ಇಸ್ರೋ ಅಧ್ಯಕ್ಷರು ಧವನ್. ಮುಂದಿನ ವರ್ಷ ಜುಲೈ 18ಕ್ಕ ಗೆದ್ದಾಗ ಕಲಾಂ ಅವರಿಗೆ ಮಾತಾಡಾಕ ಹಚ್ಚಿದ್ರು."

"ಆ ಕಥಿ ಎಲ್ಲಾ ಭಾಷಣದಾಗೂ ಬರತೈತಿ ಸರ್. ಆದ್ರ ಭಾಷಣದಾಗ ಅದು ಧವನ್ ಅವರ ದೊಡ್ಡ ಮನಸ್ಸು. ಈ ಆಟದಾಗ ಅದು ನಿಯಮ. ದೊಡ್ಡ ಮನಸ್ಸು ಇಲ್ಲದ ಅಂಗಡಿಯವನೂ ದಣಿವು ಹೊರಲೇಬೇಕು. ಎರಡು ಸಲ ಹೊತ್ತ ಮ್ಯಾಲ ಅವ ತಾನಾಗೇ ಇನ್ನೊಬ್ಬರಿಗೆ ಬಿಟ್ಟುಕೊಡ್ತಾನ."

ಮಾಸ್ತರು ಇದನ್ನು ಪೂರ್ತಿ ಒಪ್ಪಲಿಲ್ಲ. ಬರೀ ಭಾರ ಹೊರಿಸಿದರೆ ಯಾರೂ ಮುಂದೆ ಬಾರದೇ ಹೋಗಬಹುದು ಎಂಬುದು ಅವರ ಅಳುಕು. ಮುಂದಾದವರಿಗೆ ಏನಾದರೂ ದಕ್ಕಬೇಕು: ಖೇಪಿನ ಲಾಭದಲ್ಲಿ ಸಣ್ಣ ಹೆಚ್ಚುವರಿ ಪಾಲು, ಇಲ್ಲವೇ ಮುಂದಿನ ಬಂದರು ಯಾವುದೆಂದು ಆರಿಸುವ ಹಕ್ಕು. ಎಂಜಿನಿಯರು ಎರಡನೆಯದನ್ನು ಆರಿಸಿಕೊಂಡ. ರೊಕ್ಕದ ಪಾಲು ಹೆಚ್ಚಿಸಿದರೆ ಮತ್ತೆ ಗೆಳೆಯರ ನಡುವೆ ಒಡೆಯ, ಆಳು ಎಂಬ ಮಾತು ಬರುತ್ತದೆ. 'ರೋಗ್ ಟ್ರೇಡರ್' ಕೂಡ, ಒಬ್ಬನನ್ನೇ ಒಡೆಯನನ್ನಾಗಿ ಮಾಡಿಯೂ, ಸಂಪತ್ತನ್ನು ಇಡೀ ತಂಡದ ಹೆಸರಿನಲ್ಲೇ ಲೆಕ್ಕವಿಟ್ಟಿದೆ.

ಉಳಿದದ್ದು ಮೇಜಿನಾಚೆಯ ತೊಂದರೆ. ಸುಗ್ಗಿ ಬಂದರೆ ಅಂಗಡಿಯವ ಬರುವುದಿಲ್ಲ, ಪರೀಕ್ಷೆ ಬಂದರೆ ಹುಡುಗ ಬರುವುದಿಲ್ಲ, ನರ್ಸಿಗೆ ಯಾವಾಗ ರಾತ್ರಿಪಾಳಿ ಬೀಳುವುದೋ ಹೇಳಲಾಗದು. ಪೈಲಟ್ಟೇ ಇಲ್ಲದ ಭಾನುವಾರ ಹಡಗು ಹಾರಿಸುವವರು ಯಾರು? 'ಸ್ಟಾರ್ ಟ್ರೆಕ್ ಅಡ್ವೆಂಚರ್ಸ್' ಇದಕ್ಕೆ ಉಪನಾವಿಕರನ್ನು ಸೃಷ್ಟಿಸಿದೆ. ಕ್ಯಾಪ್ಟನ್ ಹಡಗಿನಲ್ಲೇ ಉಳಿದು ಮಿಕ್ಕವರು ಗ್ರಹಕ್ಕಿಳಿದಾಗ, ಕ್ಯಾಪ್ಟನ್ ಆಡುವವನು ಸುಮ್ಮನೆ ಕೂರುವ ಬದಲು ಒಬ್ಬ ಕಿರಿಯ ಅಧಿಕಾರಿಯಾಗಿ ಅವರ ಜೊತೆ ಇಳಿಯಬಹುದು. ಆಟಗಾರರೇ ಬಾರದ ದಿನಕ್ಕೂ ಇದೇ ಉಪಾಯ ಹೊಂದುತ್ತದೆ. ಬೆನ್ ರಾಬಿನ್ಸ್ ಎಂಬ ಗೇಮ್ ಮಾಸ್ಟರ್ ತನ್ನ 'ವೆಸ್ಟ್ ಮಾರ್ಚಸ್' ಆಟದಲ್ಲಿ ಇನ್ನೂ ಮುಂದೆ ಹೋಗಿದ್ದ. ಅಲ್ಲಿ ಗೊತ್ತಾದ ದಿನವೂ ಇಲ್ಲ, ಗೊತ್ತಾದ ತಂಡವೂ ಇಲ್ಲ. ಯಾವಾಗ ಸೇರಬೇಕು, ಯಾರ್ಯಾರು ಸೇರಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಆಡುವವರೇ ನಿಶ್ಚಯಿಸಿ ಅವನಿಗೆ ತಿಳಿಸಬೇಕಿತ್ತು. ಹೊತ್ತು ಗೊತ್ತುಮಾಡುವುದೂ ಆಟಗಾರರ ಪಾಲಿನ ನಾಯಕತ್ವವಾಯಿತು.

"ಶೇಷಗಿರಿಯಾಗ ಹೋಗಿ ನೋಡು," ಎಂದರು ಮಾಸ್ತರು. ಹಾನಗಲ್ ತಾಲ್ಲೂಕಿನ ಆ ಹಳ್ಳಿ ಗಜಾನನ ಯುವಕ ಮಂಡಳದ ನಾಟಕಗಳಿಂದ ಹೆಸರಾದದ್ದು. ಹೊಲ ಮನೆಯ ಕೆಲಸ ಮಾಡುವವರೇ ಅಲ್ಲಿನ ನಟರು. "ದುಡಿಯೋ ಮಂದಿ ನಾಟಕ ಮಾಡಬೇಕಂದ್ರ ತಾಲೀಮಿನ ಹೊತ್ತನ್ನ ದುಡಿಯೋರೇ ಗೊತ್ತು ಮಾಡಬೇಕು. ನಾನು ಕಲಿಸೋವಾಗ ರಾತ್ರಿ ಊಟ ಆದ ಮ್ಯಾಲ ಬರ್ರಿ ಅಂತ ಎಂದೂ ಹೇಳಿಲ್ಲ. ಅವರು ಕರದಾಗ ಹೋಗೇನಿ. ಆಡೋರು ವಂತಿಗಿನೂ ಹಾಕತಿದ್ರು. ರೊಕ್ಕ ಹಾಕಿದಾವ ತಾಲೀಮು ತಪ್ಪಸಂಗಿಲ್ಲ."

"ವಂತಿಗಿ ಕೇಳಿದ್ರ ಧಾರವಾಡದ ಹುಡುಗ ಓಡೇ ಹೊಕ್ಕಾನ ಸರ್."

"ರೊಕ್ಕಾನೇ ಆಗಬೇಕಂತ ಎಲ್ಲೈತಿ? ಒಂದು ಗ್ರಹದ ಹೆಸರು ಅವ ಬರದು ತರಲಿ, ಅಲ್ಲಿಯ ಜಾತ್ರಿ ಹೆಂಗಿರತೈತಿ ಅಂತ ಉಪನ್ಯಾಸಕಿ ಬರೀಲಿ. ತಾವೇ ಬರದ ಊರು ಏನಾತು ಅಂತ ನೋಡಾಕರ ಬಂದೇ ಬರ್ತಾರ."

ಅಷ್ಟರಲ್ಲಿ ಹಾಳೆಯ ಎರಡೂ ಬದಿ ತುಂಬಿತ್ತು. ಎಂಜಿನಿಯರು ಅದನ್ನು ಹಡಗಿನ ಕರಾರುಪತ್ರದಂತೆ ಬರೆದು, ಮುಂದಿನ ಭಾನುವಾರ ನಾಲ್ವರಿಂದಲೂ ಅವರವರ ಪಾತ್ರದ ಹೆಸರಿನಲ್ಲಿ ರುಜು ಹಾಕಿಸುವವನಿದ್ದ. ಯಾವ ಪ್ರಶ್ನೆ ಯಾರದು ಎಂಬುದು ಮೊದಲ ಕಲಮು. ಕೇಳಿ ನಿರ್ಧರಿಸಲು ಹೊತ್ತಿಲ್ಲದಾಗ ಕ್ಯಾಪ್ಟನ್ ಮಾತೇ ಮಾತು, ಕ್ಯಾಪ್ಟನ್ ಬಂದರಿನಿಂದ ಬಂದರಿಗೆ ಬದಲಾಗಬೇಕು, ಅವನ ಅವಧಿಯ ದಣಿವೆಲ್ಲ ಅವನದೇ ಎಂಬುದು ಎರಡನೆಯದು. ಮೂರನೆಯದು ಮಾತ್ರ ಇತ್ಯರ್ಥವಾಗಲಿಲ್ಲ.

"ಕಂತು ತಪ್ಪಿದ್ರ?"

"ಬ್ಯಾಂಕಿನವರು ಹಡಗು ಹುಡುಕ್ಕೊಂತ ಬರ್ತಾರ. ಸಾಲ ಕಟ್ಟದ ಹಡಗು ತಗೊಂಡು ಓಡಿಹೋಗೋದಕ್ಕೂ ಪುಸ್ತಕದಾಗ ನಿಯಮ ಅದಾವ."

"ಓಡಬೇಕೋ ಬ್ಯಾಡೋ ಅನ್ನೋದು ಯಾರ ಪ್ರಶ್ನೆ? ಪೈಲಟ್‌ದಾ, ಕ್ಯಾಪ್ಟನ್‌ದಾ?"

"ನಾಲ್ಕೂ ಮಂದಿದು ಸರ್. ಒಬ್ರು ಬ್ಯಾಡ ಅಂದ್ರೂ ಓಡಂಗಿಲ್ಲ."

"ಹಂಗಾರ ಆ ಒಬ್ರು ಹಡಗು ಇಳದು ಹೊಕ್ಕೇನಿ ಅಂದ್ರ? ಅವರ ಪಾಲು ಎಷ್ಟು ಕೊಡ್ತಿ? ಮುಂಗಡ ಕಟ್ಟಿದ್ದು ಎಲ್ಲಾರೂ ಕೂಡಿ."

ಎಂಜಿನಿಯರು ನಾಲ್ಕನೆಯ ಒಂದು ಭಾಗ ಎಂದ. ಸಾಲ ತೀರದ ಹಡಗಿನಲ್ಲಿ ನಾಲ್ಕನೆಯ ಒಂದು ಭಾಗವೆಂದರೆ ಆಸ್ತಿಯೋ ಬಾಕಿಯೋ ಎಂದು ಮಾಸ್ತರು ಕೇಳಿದರು. ಕಟ್ಟಿದ ಕಂತುಗಳನ್ನು ಕೂಡಿಸಿ, ಹಡಗಿನ ಸವಕಳಿ ಕಳೆದು ನೋಡೋಣವೆಂದು ಇಬ್ಬರೂ ಹೊಸ ಹಾಳೆ ತೆಗೆದರು.